ಮನೆನೀರು

ನಮ್ಮೂರಿನಲ್ಲಿ ಮನೆಗಳು ಮಧ್ಯಾಹ್ನ ಜಾಗ ಬದಲಿಸುತ್ತಿದ್ದವು. ಊಟ ಮುಗಿದು, ಪಾತ್ರೆ ತಿಕ್ಕಿ ಬೋರಲು ಹಾಕಿ, ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚುವ ಹೊತ್ತಿನಲ್ಲಿ ಅದು ಆಗುತ್ತಿತ್ತು. ಸದ್ದಿಲ್ಲ, ಅಲುಗಾಟವಿಲ್ಲ. ಹಂಡೆಯೊಳಗಿನ ನೀರು ಕೂಡ ತುಳುಕುತ್ತಿರಲಿಲ್ಲ. ಎದ್ದು ಬಾಗಿಲು ತೆರೆದರೆ ಬೆಳಿಗ್ಗೆ ಪಕ್ಕದಲ್ಲಿದ್ದವರು ಪಕ್ಕದಲ್ಲಿ ಇರುತ್ತಿರಲಿಲ್ಲ. ಅವ್ವ ಹೊರಗೆ ಇಣುಕಿ, "ಇವತ್ತ ಬಾವಿ ಹತ್ರ ಬಂದೀವಿ, ಚಲೋ ಆತು" ಎಂದು ಕೊಡ ಎತ್ತಿಕೊಳ್ಳುತ್ತಿದ್ದಳು. ದೂರ ಬಿದ್ದ ದಿನ ಗೊಣಗುತ್ತಿದ್ದಳು. ಅಷ್ಟೇ.

ಊರಿನ ಸುತ್ತ ಸುಣ್ಣದ ಭಟ್ಟಿಗಳಿದ್ದವು. ಗಾಳಿ ಯಾವ ಕಡೆಯಿಂದ ಬೀಸಿದರೂ ಬಿಳಿ ಧೂಳನ್ನು ಹೊತ್ತೇ ಬರುತ್ತಿತ್ತು. ಮನೆಗಳೆಲ್ಲ ಒಂದೇ ಥರ. ತಗ್ಗು ಬಾಗಿಲು, ಕಲ್ಲಿನ ಗೋಡೆ, ಫರಸಿ ಕಲ್ಲು ಹಾಸಿದ ನೆಲ, ಎಲ್ಲದರ ಮೇಲೂ ಸುಣ್ಣದ ಪದರ. ಬೆಳಿಗ್ಗೆ ಬಾಗಿಲ ಮೇಲೆ ಇದ್ದಿಲಿನಿಂದ ಗುರುತು ಮಾಡಿದರೆ ಸಂಜೆಯೊಳಗೆ ಅದೂ ಬೆಳ್ಳಗಾಗಿರುತ್ತಿತ್ತು. ಹಾಗಾಗಿ ಭಟ್ಟಿಯಿಂದ ಹೊರಟ ದೊಡ್ಡವರು, ಸಾಲೆಯಿಂದ ಹೊರಟ ನಾವು, ಎಲ್ಲರೂ ಮೂಗು ತೋರಿಸಿದ ದಾರಿಯಲ್ಲೇ ಮನೆ ಸೇರುತ್ತಿದ್ದೆವು.

ಪ್ರತಿ ಮನೆಗೂ ಅದರದೇ ನೀರು. ನೆಲ ಒರೆಸಲು, ಹೊಸ್ತಿಲು ತೊಳೆಯಲು, ಪಾತ್ರೆಗೆ, ಬಟ್ಟೆಗೆ, ಎಲ್ಲದಕ್ಕೂ ಅದೇ. ಅದಕ್ಕೆ ಮನೆನೀರು ಎನ್ನುತ್ತಿದ್ದೆವು. ಒಬ್ಬರದು ಸೀಗೆಕಾಯಿ ಮತ್ತು ಹುಳಿ ಮಜ್ಜಿಗೆ, ಒಬ್ಬರದು ಬೇವಿನೆಲೆ ಕುದಿಸಿದ ನೀರಿಗೆ ಕರ್ಪೂರ, ಇನ್ನೊಬ್ಬರದು ಚೌಳು ಮಣ್ಣಿನ ತಿಳಿಗೆ ಲಿಂಬೆ ಸಿಪ್ಪೆ. ಬಡಿಗೇರರ ಮನೆಯವರು ಹುಣಸೆಹಣ್ಣಿನ ಜೊತೆ ಏನೋ ಬೇರು ಅರೆದು ಹಾಕುತ್ತಿದ್ದರು. ಅವರ ಹೊಸ್ತಿಲ ಹತ್ತಿರ ಬಂದವರಿಗೆಲ್ಲ ಸೀನು ಬರುತ್ತಿತ್ತು. ಆ ಮನೆಯ ಆರು ಮಂದಿ ಸೀನುತ್ತಲೇ ಮನೆ ಸೇರುವುದನ್ನು ನಾವು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆವು.

ಒಂದು ರೂಢಿ ಇತ್ತು. ಯಾವ ಮನೆ ಯಾರದು ಎಂಬುದನ್ನು ಬಾಯಿಂದ ಹೇಳುವಂತಿರಲಿಲ್ಲ. ಯಾರಾದರೂ ತಪ್ಪಿ ನಿಮ್ಮ ಮನೆಗೆ ಬಂದು ಕಾಲು ತೊಳೆದರೆ, ಚಾಪೆ ಹಾಸಿ, ಉಣ್ಣಲಿಕ್ಕೆ ಹಾಕಿ, ಅವರ ಮೂಗಿಗೇ ತಿಳಿದು ಎದ್ದು ಹೋಗುವವರೆಗೆ ಸುಮ್ಮನಿರಬೇಕು. ಬಾಯಿಂದ ಹೇಳಿಸಿಕೊಂಡವರಿಗೆ ಆಮೇಲೆ ಯಾವ ಮನೆಯೂ ಮನೆ ಅನ್ನಿಸುವುದಿಲ್ಲ ಅಂತ ನಂಬಿಕೆ. ಅದಕ್ಕೆ ಸಿದ್ರಾಮನನ್ನು ತೋರಿಸುತ್ತಿದ್ದರು. ಅವನು ಚಿಕ್ಕವನಿದ್ದಾಗ ಪರವೂರಿನಿಂದ ಬಂದ ಮಾಸ್ತರೊಬ್ಬರು ಅವನ ಕೈ ಹಿಡಿದು, "ಇದೇ ನೋಡಪ್ಪಾ ನಿಮ್ಮನೆ" ಎಂದು ತೋರಿಸಿ ಹೋಗಿದ್ದರು. ಸಿದ್ರಾಮ ನಲವತ್ತರ ವಯಸ್ಸಿನಲ್ಲೂ ಬಸ್ ನಿಲ್ದಾಣದಲ್ಲೇ ಮಲಗುತ್ತಿದ್ದ. ಮನೆಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ, "ಅದು ಮಾಸ್ತರ ಮನಿ" ಅನ್ನುತ್ತಿದ್ದ.

ನಮ್ಮ ಮನೆನೀರು ಅಡುಗೆಮನೆಯ ಮೂಲೆಯಲ್ಲಿ, ಮಣ್ಣಿನ ಗಡಿಗೆಯಲ್ಲಿ ಇರುತ್ತಿತ್ತು. ಒಂದು ಪಾಲು ಬೆಲ್ಲ, ಮೂರು ಪಾಲು ಕಂಚಿಕಾಯಿ ಸಿಪ್ಪೆ, ಹತ್ತು ಪಾಲು ನೀರು. ಬಿರಡೆ ಜಡಿದು ಮೂರು ತಿಂಗಳು ಇಡಬೇಕು. ಮೊದಲ ತಿಂಗಳು ದಿನಾ ಬಿರಡೆ ತೆಗೆದು ಗಡಿಗೆಯ ಉಸಿರು ಬಿಡಿಸಬೇಕು, ಮರೆತರೆ ಅದು ಮಗುವಿನ ಹಾಗೆ ತೇಗಿ ಬಿರಡೆಯನ್ನು ಮೇಲಕ್ಕೆ ಹಾರಿಸುತ್ತಿತ್ತು. ಹದಕ್ಕೆ ಬಂದ ಮೇಲೆ ಸೋಸಿ, ಅಂಟುವಾಳದ ಕಾಯಿ ಕುದಿಸಿ ಕಿವುಚಿದ ನೊರೆನೀರನ್ನೂ ಬೇವಿನ ಕಟ್ಟಿಗೆಯ ಬೂದಿಯ ತಿಳಿಯನ್ನೂ ಸೇರಿಸಬೇಕು. ಗಡಿಗೆಯ ತಳದ ಗಷ್ಟನ್ನು ಮಾತ್ರ ಎಂದೂ ಚೆಲ್ಲುವಂತಿಲ್ಲ, ಮುಂದಿನ ನೀರು ಅದರ ಮೇಲೇ. ಅವ್ವ ಮದುವೆಯಾಗಿ ಬಂದಾಗ ಆ ಗಷ್ಟು ಇತ್ತು, ಅವಳ ಅತ್ತೆ ಬಂದಾಗಲೂ ಇತ್ತಂತೆ. ಅದರಿಂದ ತೊಳೆದ ನೆಲ ಹುಳಿಹುಳಿಯಾಗಿ, ಸ್ವಲ್ಪ ಕಹಿಯಾಗಿ, ಬಿಸಿಲಿಗೆ ಬಿಟ್ಟ ಹಣ್ಣಿನ ಬುಟ್ಟಿಯ ಹಾಗೆ ನಾರುತ್ತಿತ್ತು. ಈಗ ವಾಸನೆ ಅನ್ನುತ್ತೇನೆ. ಆಗ ನಾರುತ್ತಿತ್ತು.

ನನ್ನ ಅಪ್ಪ ದುರ್ಗಪ್ಪ ಭಟ್ಟಿಯಲ್ಲಿ ಸುಣ್ಣ ಅರಳಿಸುತ್ತಿದ್ದಾಗ ಕಣ್ಣಿಗೆ ಸಿಡಿದು, ನಾನು ಹುಟ್ಟುವ ಮೊದಲೇ ಕಣ್ಣು ಕಳೆದುಕೊಂಡಿದ್ದ. ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತಿತ್ತು. ಆಮೇಲೆ ಅವನಿಗೆ ಚೀಲದ ಬಾಯಿ ಹೊಲಿಯುವ ಕೆಲಸ ಕೊಟ್ಟರು. ಊರಿನಲ್ಲಿ ಎಲ್ಲರಿಗಿಂತ ಮೊದಲು ಮನೆ ಮುಟ್ಟುತ್ತಿದ್ದವನು ಅವನೇ. ಕಣ್ಣಿದ್ದವರು ಅತ್ತ ಇತ್ತ ನೋಡಿ ಮೂಗನ್ನು ಗಲಿಬಿಲಿ ಮಾಡಿಕೊಳ್ಳುತ್ತಾರೆ ಅನ್ನುತ್ತಿದ್ದ. ಭಟ್ಟಿಯ ಗೇಟಿನಲ್ಲಿ ಒಂದು ಕ್ಷಣ ನಿಂತು, ಮುಖ ಎತ್ತಿ, ಬಡಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟನೆಂದರೆ ಹೊಸ್ತಿಲು ಬರುವವರೆಗೆ ನಿಲ್ಲುತ್ತಿರಲಿಲ್ಲ.

ಆಗ ನನಗೆ ಹತ್ತೊಂಬತ್ತು. ಪಕ್ಕದ ಊರಿಗೆ ಬಸ್ಸಿನಲ್ಲಿ ಹೊಲಿಗೆ ಕಲಿಯಲು ಹೋಗುತ್ತಿದ್ದೆ. ಅಲ್ಲಿಯ ಹುಡುಗಿಯರು ನಾನು ಬಂದು ಕೂತರೆ ಕಿಟಕಿ ತೆಗೆಯುತ್ತಿದ್ದರು. ಒಬ್ಬಳು ಮರುಕದಿಂದಲೇ ಕೇಳಿದಳು, "ರುಕ್ಮಾ, ನಿಮ್ಮನ್ಯಾಗ ಹಣ್ಣು ಕೊಳಿಯಾಕ ಇಟ್ಟಿರ್ತೀರೇನು?" ನಾನು ಕತ್ತರಿ ಎತ್ತಿಕೊಂಡೆ. ಮನೆಗೆ ಬಂದರೆ ಅವ್ವ ಬೂದಿಯ ತಿಳಿಯಲ್ಲಿ ಕೈ ಅದ್ದಿಕೊಂಡು ಕೂತಿರುತ್ತಿದ್ದಳು. ಅವಳ ಬೆರಳ ಸಂದಿಗಳು ಬಿರಿದು, ರೊಟ್ಟಿ ಬಡಿಯುವಾಗ ಹಿಟ್ಟಿಗೆ ರಕ್ತ ತಾಗದಂತೆ ಚಿಂದಿ ಸುತ್ತಿಕೊಳ್ಳುತ್ತಿದ್ದಳು. ನನಗೆ ಎರಡರ ಮೇಲೂ ಸಿಟ್ಟಿತ್ತು, ಆ ವಾಸನೆಯ ಮೇಲೆ ಮತ್ತು ಆ ಚಿಂದಿಯ ಮೇಲೆ.

ಹಸಿರು ಬಾಟಲಿ ಬಂದದ್ದು ಆ ಬೇಸಿಗೆಯಲ್ಲಿ. ಒಂದು ಟೆಂಪೊ ಮೈಕು ಕಟ್ಟಿಕೊಂಡು ಬಂದು, ಮನೆಗೊಂದು ಬಾಟಲಿ ಪುಕ್ಕಟೆ ಎಂದು ಹಂಚಿತು. ಬಕೆಟ್ಟಿಗೆ ಒಂದು ಮುಚ್ಚಳ ಸಾಕು. ಕುದಿಸುವುದಿಲ್ಲ, ಸೋಸುವುದಿಲ್ಲ, ಕಾಯುವುದಿಲ್ಲ. ಒರೆಸಿದ ಫರಸಿಯಲ್ಲಿ ಮುಖ ಕಾಣುತ್ತಿತ್ತು. ವಾಸನೆ ಒಂದು ರೀತಿ ಲಿಂಬೆಯದು, ಲಿಂಬೆಹಣ್ಣನ್ನು ನೋಡದವರು ಬೇರೆಯವರಿಂದ ಕೇಳಿ ಮಾಡಿದಂಥದ್ದು. ನನಗೆ ಅದು ಸ್ವರ್ಗದ ಹಾಗಿತ್ತು.

ಅವ್ವ ಬಾಟಲಿಯನ್ನು ದೇವರ ಮಾಡದಲ್ಲಿ ಇಟ್ಟಳೇ ಹೊರತು ಬಳಸಲಿಲ್ಲ. ಅವಳು ತನ್ನ ತಂಗಿಯ ಬಾಣಂತನಕ್ಕೆಂದು ನಾಲ್ಕು ದಿನ ಪರವೂರಿಗೆ ಹೋದಾಗ ನಾನು ಬಳಸಿದೆ. ಬಳಸಿದ್ದಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಗಡಿಗೆಯನ್ನು ಹಿತ್ತಿಲಿಗೆ ಹೊತ್ತೊಯ್ದು, ಬಗ್ಗಿಸಿ, ತಳದ ಗಷ್ಟನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೆಗೆದೆ. ಅದೇ ಹಸಿರು ನೀರಿನಿಂದ ಗಡಿಗೆಯನ್ನೂ ತೊಳೆದು ಬಿಸಿಲಿಗಿಟ್ಟೆ. ಅವ್ವನ ಕೈ ಇನ್ನು ಬಿರಿಯುವುದಿಲ್ಲ ಎಂದುಕೊಂಡೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಹೆಮ್ಮೆಯಿಂದ ಮನೆಯ ಮಧ್ಯೆ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ಇವತ್ತಿಗೂ ನೆನಪಿದೆ.

ಆ ಸಂಜೆ ಅಪ್ಪ ಬರಲಿಲ್ಲ.

ಮೊದಲು ನಾನು ಹೆದರಲಿಲ್ಲ, ಯಾಕೆಂದರೆ ಆ ವಾರ ಊರಿಗೆ ಊರೇ ದಾರಿ ತಪ್ಪಿತ್ತು. ಎಲ್ಲರ ಹೊಸ್ತಿಲೂ ಹಸಿರು ಲಿಂಬೆಯ ವಾಸನೆ. ಬಡಿಗೇರರ ಮನೆಯವರು ಸೀನು ಬರುತ್ತದೇನೋ ಎಂದು ಕಾಯುತ್ತಾ ಬೀದಿಯಲ್ಲಿ ನಿಂತಿದ್ದರು. ಗೊತ್ತಿಲ್ಲದ ಗಂಡಸೊಬ್ಬ ನಮ್ಮ ಮನೆಗೆ ಬಂದು, ಕಾಲು ತೊಳೆದು, ನಾನು ಹಾಕಿದ ಅನ್ನ ಉಂಡು, ಚಾಪೆಯ ಮೇಲೆ ಉರುಳಿ, "ಇವತ್ತ ಸಾರಿಗೆ ಉಪ್ಪು ಸರಿ ಬಿದ್ದೈತಿ" ಎಂದು ಹೊಗಳಿ, ಸ್ವಲ್ಪ ಹೊತ್ತಿಗೆ ಅನುಮಾನ ಬಂದು ಎದ್ದು ಹೋದ. ಜನ ಬೇಗನೆ ಉಪಾಯ ಕಂಡುಕೊಂಡರು. ಬಾಗಿಲಿಗೆ ಹಳೆ ಕೊಡೆ, ತೂತಿನ ಪರಾತ, ಸೈಕಲ್ ಚಕ್ರ ಹೀಗೆ ಏನಾದರೂ ನೇತುಹಾಕಿದರು, ದಿನಕ್ಕೆ ಎರಡು ಸಲ ಅದರ ಧೂಳು ಒರೆಸಿದರು. ಎರಡು ವಾರದೊಳಗೆ ಊರು ಸುಧಾರಿಸಿಕೊಂಡಿತು. ನಾನೂ ಅಪ್ಪನ ಹಳೆಯ ಅಂಗಿಯನ್ನು ಬಾಗಿಲಿಗೆ ಕಟ್ಟಿದೆ. ಕಟ್ಟುವಾಗಲೇ ಅದು ಯಾರಿಗೆ ಕಾಣಬೇಕು ಎಂಬುದು ಹೊಳೆಯಿತು.

ಅಪ್ಪ ಎಲ್ಲಿದ್ದಾನೆ ಎಂಬುದು ಮರುದಿನವೇ ಗೊತ್ತಾಗಿತ್ತು. ಹೊನ್ನವ್ವ ಎಂಬ ಮುದುಕಿಯ ಮನೆಯಲ್ಲಿದ್ದ. ಗಂಡ ಇಲ್ಲ, ಮಕ್ಕಳಿಲ್ಲ, ಒಬ್ಬಳೇ. ಊರಿನಲ್ಲಿ ಬಾಟಲಿ ತೆರೆಯದೆ ಉಳಿದವಳು ಅವಳೊಬ್ಬಳೇ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. "ಅದರ ಮುಚ್ಚಳ ತಿರುವಾಕ ನನ್ನ ಕೈಲಿ ಆಗಲಿಲ್ಲವ್ವಾ" ಎಂದಳು. ಅವಳ ಮನೆನೀರೂ ಅಂಟುವಾಳ, ಕಂಚಿಕಾಯಿ ಸಿಪ್ಪೆ. ನಮ್ಮದರಲ್ಲಿ ಬೂದಿ, ಅವಳದರಲ್ಲಿ ಒಂದು ಹಿಡಿ ಮೆಂತ್ಯೆ. ಬೇರೆ ದಿನವಾಗಿದ್ದರೆ ಅಪ್ಪ ನೂರು ಹೆಜ್ಜೆ ದೂರದಿಂದಲೇ ಎರಡನ್ನೂ ಬೇರ್ಪಡಿಸುತ್ತಿದ್ದ. ಆದರೆ ಆ ಸಂಜೆ ಅವನು ಗೇಟಿನಲ್ಲಿ ನಿಂತು ಮುಖ ಎತ್ತಿದಾಗ ಇಡೀ ಊರಿನಲ್ಲಿ ಉಳಿದಿದ್ದ ವಾಸನೆ ಅದೊಂದೇ.

ನಾನು ಹೋದಾಗ ಅಪ್ಪ ಹೊನ್ನವ್ವನ ಕಟ್ಟೆಯ ಮೇಲೆ ಕಾಲು ನೀಡಿ ಕೂತಿದ್ದ. ನನ್ನ ಹೆಜ್ಜೆ ಕೇಳಿ ಮುಖ ಅರಳಿತು.

"ಬಂದ್ಯಾ ರುಕ್ಮೀ? ನಿನ್ನಿ ಎಲ್ಲಿ ಹೋಗಿದ್ದಿ? ದಾರಿ ತಪ್ಪಿತ್ತೇನು?"

ನಾನು ಕಟ್ಟೆ ಹತ್ತಿದೆ. ಅವನು ನನ್ನನ್ನು ಹತ್ತಿರ ಕೂರಿಸಿಕೊಂಡು ದನಿ ತಗ್ಗಿಸಿದ. "ಒಳಗ ಒಂದು ಮುದುಕಿ ಐತಿ, ನೋಡಿದಿಲ್ಲೋ? ಪಾಪ, ದಾರಿ ತಪ್ಪಿ ನಮ್ಮನಿಗೆ ಬಂದೈತಿ. ತನ್ನ ಮನೀನ ಅನ್ಕೊಂಡು ಒಲಿ ಹಚ್ಚಿ ಕುಂತೈತಿ. ಹೇಳೂವಂಗಿಲ್ಲಲ್ಲ. ಇರ್ಲಿ ಬಿಡು, ರೊಟ್ಟಿ ಚಲೋ ಬಡಿತಾಳ."

ನಾನು ಒಳಗೆ ಹೋದೆ. ಹೊನ್ನವ್ವ ಒಲೆಯ ಮುಂದೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. "ಆಯಿ, ಈಗ ಹೆಂಗ ಮಾಡೂದು?" ಅಂದೆ.

"ನಾ ಏನ್ ಮಾಡ್ಲೆವ್ವಾ? ಬಂದ, ಕಾಲು ತೊಳ್ಕೊಂಡ. ನಾ ರೊಟ್ಟಿ ಹಾಕಿದೆ. ಉಂಡು ನನಗ ಅಂದ, 'ಸಂಕೋಚ ಮಾಡ್ಕೋಬ್ಯಾಡ ತಾಯಿ, ಇದು ನಿನ್ನ ಮನೀನ ಅಂತ ತಿಳ್ಕೋ' ಅಂತ. ಏನಂತ ಹೇಳ್ಲಿ?"

ಅವ್ವ ಊರಿನಿಂದ ಬಂದವಳು ಬಾಗಿಲಲ್ಲಿ ತೂಗುತ್ತಿದ್ದ ಅಂಗಿ ನೋಡಿದಳು. ಒಳಗೆ ಬಂದು ಮೂಲೆ ನೋಡಿದಳು. ಹಿತ್ತಿಲಿಗೆ ಹೋಗಿ ಬೋರಲು ಬಿದ್ದ ಗಡಿಗೆಯನ್ನು ಎತ್ತಿ, ಅದರೊಳಗೆ ಮುಖ ಇಟ್ಟು ಉಸಿರೆಳೆದಳು. ನಾನು ಬೈಗುಳಕ್ಕೆ ಕಾದು ನಿಂತೆ. ಅವಳು ಬೈಯಲಿಲ್ಲ. "ಚೊಕ್ಕ ತೊಳದಿ" ಎಂದಳು. ಮುಂದೆ ಹೊಸ ಗಡಿಗೆಗೆ ನೀರು ತುಂಬುವವರೆಗೂ, ತುಂಬಿದ ಮೇಲೂ, ಆ ವಿಷಯದಲ್ಲಿ ನನಗೆ ಅವಳು ಆಡಿದ್ದು ಆ ಎರಡು ಮಾತು ಮಾತ್ರ. ಅದಕ್ಕಿಂತ ಅವಳು ಬಡಿದಿದ್ದರೆ ಒಳ್ಳೆಯದಿತ್ತು.

ನಾನು ಅಪ್ಪನನ್ನು ಕರೆತರಲು ನೋಡಿದೆ. ಒಂದು ಸಂಜೆ ಭಟ್ಟಿಯ ಗೇಟಿಗೆ ಹೋಗಿ ಅವನ ಜೊತೆ ನಡೆದೆ. "ಬಾ, ನಾ ಕರ್ಕೊಂಡು ಹೋಗ್ತೀನಿ, ನಿನ್ನ ಮೂಗು ಇತ್ತೀಚಿಗೆ ನೆಟ್ಟಗಿಲ್ಲ" ಎಂದು ಅವನು ನನ್ನನ್ನೇ ಹೊನ್ನವ್ವನ ಮನೆಗೆ ಕರೆದೊಯ್ದ. ಇನ್ನೊಂದು ದಿನ ಹಟ ಮಾಡಿ, ತೋಳು ಹಿಡಿದು, ನಮ್ಮ ಬಾಗಿಲ ಮುಂದೆ ತಂದು ನಿಲ್ಲಿಸಿದೆ. ಅವ್ವ ಒಳಗೆ ಹೊಸ್ತಿಲ ಆಚೆ ಕೈಯಲ್ಲಿ ಪರಾತ ಹಿಡಿದು ನಿಂತಿದ್ದಳು, ಮೂರು ಹೆಜ್ಜೆ ದೂರದಲ್ಲಿ. ಅಪ್ಪ ಬಗ್ಗಿ ಹೊಸ್ತಿಲನ್ನು ಮೂಸಿದ. ನಾವು ಹಸಿರು ಬಾಟಲಿಯನ್ನು ಬಿಟ್ಟು ವಾರವಾಗಿತ್ತು, ಬರೀ ನೀರಿನಿಂದ ತೊಳೆಯುತ್ತಿದ್ದೆವು, ಆದರೂ ಆ ಫರಸಿಯಲ್ಲಿ ಅದು ಉಳಿದೇ ಇತ್ತು. "ಇದು ಯಾರದೋ ಹೊಸಬರ ಮನಿ" ಎಂದ. "ನಡಿ, ಹೊತ್ತಾತು. ನಿಮ್ಮವ್ವ ಇನ್ನೂ ಮನಿ ಸಿಗಲಾರದ ಎಲ್ಲಿ ಅಡ್ಡಾಡಾಕತ್ತಾಳೋ." ಅವನು ತಿರುಗಿ ಹೊರಟ. ಅವ್ವ ಪರಾತವನ್ನು ಸದ್ದಾಗದಂತೆ ನೆಲಕ್ಕೆ ಇಟ್ಟಳು.

"ನಾ ಹೇಳಿಬಿಡ್ತೀನಿ" ಎಂದೆ ಅವತ್ತು. "ಇದು ಮೂಢನಂಬಿಕಿ. ಬಾಯಿಬಿಟ್ಟು ಹೇಳಿದ್ರ ಏನಾಗ್ತೈತಿ? ಆಯಿ ಮನಿ ಅದು, ನಮ್ಮನಿ ಇದು. ಮುಗೀತು."

ಅವ್ವ ಸಿಪ್ಪೆ ಹೆಚ್ಚುತ್ತಿದ್ದಳು. ಕಂಚಿಕಾಯಿ ಸಿಗದ ಕಾಲ ಅದು. ಬಸ್ಸಿನಲ್ಲಿ ಎರಡು ಊರು ತಿರುಗಿ ನಾನೇ ತಂದಿದ್ದೆ. "ಹೇಳಿದ್ರ ಬರ್ತಾನ" ಎಂದಳು. "ಬರೂದಷ್ಟ. ಆಮ್ಯಾಲ ದಿನಾ ಸಂಜಿ ನಿನ್ನ ಮಾತು ನಂಬಿ ಈ ಮನಿಗೆ ಬರ್ತಾನ. ಒಳಗ ಕುಂತು, ಇದು ನಮ್ಮನಿ ಅಂತ ರುಕ್ಮಿ ಹೇಳ್ಯಾಳ, ಅಂತ ತನಗ ತಾನ ಹೇಳ್ಕೊಂತ ಇರ್ತಾನ. ನನಗ ಅಂಥಾ ಗಂಡ ಬ್ಯಾಡ."

ಹೊಸ ಗಡಿಗೆ ಇಟ್ಟೆವು. ಹಳೆಯ ಗಷ್ಟು ಇಲ್ಲ. ಅಪ್ಪನ ಅಕ್ಕತಂಗಿಯರ ಮನೆಗಳಲ್ಲಿ ಕೇಳಿದೆವು, ಎಲ್ಲರೂ ಗಡಿಗೆ ಚೆಲ್ಲಿ ಅದರಲ್ಲಿ ಜೋಳ ತುಂಬಿದ್ದರು. ಬರೀ ಬೆಲ್ಲ, ಸಿಪ್ಪೆ, ನೀರು. ಬೆಳಿಗ್ಗೆ ಬಿರಡೆ ತೆಗೆಯುವ ಕೆಲಸ ನಾನು ವಹಿಸಿಕೊಂಡೆ. ತೆಗೆದ ಕೂಡಲೇ ಬುಸ್ ಎಂದು ಬರುತ್ತಿದ್ದ ಆ ಉಸಿರಿಗೆ ಮುಖ ಒಡ್ಡಿ ನಿಲ್ಲುತ್ತಿದ್ದೆ. ಮೊದಮೊದಲು ಬರೀ ಬೆಲ್ಲ, ಆಮೇಲೆ ಹೆಂಡದ ಹಾಗೆ ಏನೋ, ಆಮೇಲೆ ಹುಳಿ. ಸೂಜಿ ಹಿಡಿದು ಕೂತಾಗಲೂ ಆ ವಾಸನೆ ನನ್ನ ಬೆರಳಲ್ಲಿರುತ್ತಿತ್ತು. ಹುಡುಗಿಯರು ಕಿಟಕಿ ತೆಗೆದರು. ತೆಗೆಯಲಿ ಅನ್ನಿಸಿತು.

ಪ್ರತಿದಿನ ಬಸ್ಸಿಳಿದು ಹೊನ್ನವ್ವನ ಮನೆಗೆ ಹೋಗುತ್ತಿದ್ದೆ. ಈಗ ನೆನೆದರೆ ಆ ಎರಡು ತಿಂಗಳಲ್ಲಿ ಕೂತಷ್ಟು ನಾನು ಅಪ್ಪನ ಜೊತೆ ಮತ್ತೆಂದೂ ಕೂತಿಲ್ಲ. ಅವನು ಹೊನ್ನವ್ವನಿಗೆ ಅತಿಥಿಯ ಮರ್ಯಾದೆ ಮಾಡುತ್ತಿದ್ದ. ಹೊನ್ನವ್ವ ಅವನಿಗೆ ಅತಿಥಿಯ ಮರ್ಯಾದೆ ಮಾಡುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು, "ಮೊದಲ ನೀನು ಉಣ್ಣು" ಎನ್ನುತ್ತಾ ರೊಟ್ಟಿ ಆರಿಸಿಬಿಡುತ್ತಿದ್ದರು. ಅಪ್ಪ ಅವಳ ಹಗ್ಗದ ಮಂಚ ಬಿಗಿದುಕೊಟ್ಟ. ಅಂಟುವಾಳದ ಬೀಜ ತೆಗೆದು ಸಿಪ್ಪೆ ಬೇರೆ ಮಾಡಿಕೊಟ್ಟ. ಬೀಜಗಳನ್ನು ದಾರಕ್ಕೆ ಪೋಣಿಸಿ, "ಆ ಮುದುಕಿಗೆ ಕೊಡು, ಜಪ ಮಾಡ್ಲಿ, ಮನಸ್ಸಿಗೆ ಸಮಾಧಾನ ಆಗ್ತೈತಿ, ಮನಿ ಬಿಟ್ಟು ಬಂದೈತಿ ಪಾಪ" ಎಂದು ನನ್ನ ಕೈಗೆ ಕೊಟ್ಟ. ಅವಳು ಅದನ್ನು ಕೊರಳಿಗೆ ಹಾಕಿಕೊಂಡು, "ಜೋರಿಲ್ಲೇನು ನಿಮ್ಮಪ್ಪಂದು? ನನ್ನ ಮನ್ಯಾಗ ನನಗ ಉಡುಗೊರಿ ಕೊಟ್ಟಾನ" ಎಂದಳು. ಆದರೆ ಆ ಸರವನ್ನು ತೆಗೆದಿಡುವಾಗ ಹಿತ್ತಾಳೆ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದಳು.

ಅವ್ವನ ಮಾತನ್ನು ಅಪ್ಪ ಸಂಜೆಯ ಹೊತ್ತು ಮಾತ್ರ ತೆಗೆಯುತ್ತಿದ್ದ. ಒಮ್ಮೆ ಕೇಳಿದ, "ನಿನಗ ಸಿಗ್ತಾಳೇನು ನಿಮ್ಮವ್ವ?" ಸಿಗುತ್ತಾಳೆ ಎಂದೆ. "ಆರಾಮದಾಳೇನು?" ಹೂಂ ಎಂದೆ. "ಯಾರ ಮನ್ಯಾಗ ಅದಾಳ?" ನಾನು ಉತ್ತರ ಕೊಡುವಂತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಕೇಳಿದ್ದಕ್ಕೆ ತಾನೇ ನಾಚಿಕೊಂಡ. "ಬರ್ತಾಳ. ಅಕಿ ಮೂಗು ಚಲೋ ಐತಿ. ಬರ್ತಾಳ" ಎಂದು ಕಟ್ಟೆಯ ಕಲ್ಲನ್ನು ಸವರಿದ.

ಗಡಿಗೆ ಇಟ್ಟು ಎರಡು ತಿಂಗಳಾಗಿ ನಾಲ್ಕು ದಿನಕ್ಕೆ ಹೊನ್ನವ್ವ ನಮ್ಮ ಮನೆಗೆ ಬಂದಳು. ಅಪ್ಪ ಕೆಲಸಕ್ಕೆ ಹೋಗಿದ್ದ ಹೊತ್ತು. ಅವತ್ತು ಅವಳ ಮನೆ ನಮ್ಮ ಸಾಲಿನಲ್ಲೇ, ಆರು ಮನೆ ಆಚೆ ಬಂದಿತ್ತು. ಕಾಲು ತೊಳೆಯದೆ ಹೊಸ್ತಿಲ ಹೊರಗೇ ನಿಂತು ಅವ್ವನನ್ನು ಕರೆದಳು.

"ಸತ್ಯವ್ವಾ, ನಿನ್ನ ಗಂಡ ನನ್ನ ಮನಿ ಬಿಡಿಸಾಕ ಹೊಂಟಾನ."

ಅವ್ವ ಹುಬ್ಬು ಗಂಟಿಕ್ಕಿದಳು.

"ಇವತ್ತ ಮುಂಜಾನೆ ಅಂತಾನ, 'ತಾಯಿ, ಭಾಳ ದಿನ ಆತು. ನಿನ್ನ ಮೂಗಿಗೆ ವಯಸ್ಸಾಗೈತಿ. ನಾಳೆ ನನಗ ರಜಾ ಐತಿ, ಕೈ ಹಿಡ್ಕೊಂಡು ಮನಿಮನಿಗೆ ಕರ್ಕೊಂಡು ಹೋಗ್ತೀನಿ. ಒಂದೊಂದ ಹೊಸ್ತಿಲಾ ಮೂಸಿ ನೋಡು. ನಿನ್ನ ಮನಿ ಸಿಗೂತನಕ ನಾ ಬಿಡೂದಿಲ್ಲ' ಅಂತ. ನನ್ನ ಮನ್ಯಾಗಿಂದ ನನ್ನ ಎಬ್ಬಿಸಿ, ನನ್ನ ಮನಿ ಹುಡುಕಾಕ ಹೊಂಟಾನವ್ವಾ. ಹ್ಯಾಂಗ ಒಲ್ಲೆ ಅನ್ಲಿ? ಅಷ್ಟು ಅಂತಃಕರಣದಿಂದ ಅಂತಾನ."

ಅವ್ವನಿಗೆ ನಗು ಬಂತು. ಎರಡು ತಿಂಗಳಲ್ಲಿ ಮೊದಲ ಸಲ. ನಗುತ್ತಾ ಇದ್ದವಳು ಹಾಗೇ ಬಾಗಿಲ ಚೌಕಟ್ಟಿಗೆ ಒರಗಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಹೊನ್ನವ್ವ ಅವಳು ಮುಗಿಸುವವರೆಗೆ ಕಾದಳು. ಆಮೇಲೆ ಕೇಳಿದಳು, "ನಿಮ್ಮ ನೀರು ಹದಕ್ಕ ಬಂದೈತೇನು?"

"ಇನ್ನೂ ಒಂದು ತಿಂಗಳು ಬೇಕು."

"ಇವತ್ತ ತಗೀರಿ" ಎಂದಳು ಹೊನ್ನವ್ವ. ನನ್ನ ಕಡೆ ತಿರುಗಿ, "ಆ ಹಸಿರು ಬಾಟ್ಲಿ ಇನ್ನೂ ಐತೇನು ನಿಮ್ಮ ಹತ್ರ? ಮುಚ್ಚಳ ತಗದು ಕೊಡು."

ನಮಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅವ್ವ ಬೇಡ ಎನ್ನುವ ಹಾಗೆ ಕೈ ಎತ್ತಿದಳು. ನಮ್ಮ ನೆಲದಲ್ಲಿ ಆ ವಾಸನೆ ಎಷ್ಟು ದಿನ ಕೂತಿತ್ತು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊನ್ನವ್ವನ ಮನೆಯಲ್ಲಿ ಐವತ್ತು ವರ್ಷದ ನೀರು. ಅವಳ ಗಂಡ ಬದುಕಿದ್ದಾಗ ಯಾವುದನ್ನು ಮೂಸಿಕೊಂಡು ಮನೆಗೆ ಬರುತ್ತಿದ್ದನೋ ಅದೇ. "ಹಂಗ ನೋಡಬ್ಯಾಡ" ಎಂದಳು ಹೊನ್ನವ್ವ. "ಮೂಸಿಕೊಂಡು ಬರೋರು ಈಗ ಯಾರದಾರ ನನಗ? ನಿನ್ನ ಗಂಡನ್ನ ಬಿಟ್ಟು."

ಅವ್ವ ಒಳಗೆ ಗಡಿಗೆ ಬಗ್ಗಿಸಿದಳು. ನಾನು ಬಾಟಲಿ ತೆಗೆದುಕೊಂಡು ಹೊನ್ನವ್ವನ ಜೊತೆ ಹೋದೆ. ನಾನೇ ಒರೆಸುತ್ತೇನೆ ಎಂದೆ, ಅವಳು ಬಟ್ಟೆ ಬಿಡಲಿಲ್ಲ. ಒಳಗಿನ ಕೋಣೆಯಿಂದ ಶುರು ಮಾಡಿದಳು. ಗೋಡೆಯ ಬುಡ, ಒಲೆಯ ಸುತ್ತ, ಮಂಚದ ಕೆಳಗೆ. ಮಂಡಿಯೂರಿ, ಹಿಂದೆ ಹಿಂದೆ ಸರಿಯುತ್ತಾ, ತಾನು ದಾಟಿದ ಜಾಗವನ್ನು ಮತ್ತೆ ನೋಡದೆ ಒರೆಸಿದಳು. ಹೊಸ್ತಿಲಿಗೆ ಬಂದಾಗ ಸ್ವಲ್ಪ ನಿಂತಳು. ನಾನು ಮುಖ ಬೇರೆ ಕಡೆ ತಿರುಗಿಸಿದೆ. ಬಟ್ಟೆ ಹಿಂಡಿದ ಸದ್ದು ಕೇಳಿಸಿತು. "ಹೂಂ. ಆತು" ಎಂದಳು. "ಭಾಳ ಹಸನಾಗಿ ಹೊಳಿತೈತಿ ಬಿಡು."

ಸಂಜೆ ಅಪ್ಪ ಬಂದ. ನಾವು ಒಳಗೆ ನಿಂತು ನೋಡುತ್ತಿದ್ದೆವು. ಬಡಿಗೆ ಕಂಕುಳಲ್ಲಿರಲಿಲ್ಲ, ಕೈಯಲ್ಲಿತ್ತು. ಬೀದಿಯ ತುದಿಯಿಂದಲೇ ಅವನ ನಡಿಗೆ ತಡವರಿಸುತ್ತಿತ್ತು. ಹೊನ್ನವ್ವನ ಬಾಗಿಲ ಎದುರು ಬಂದು ನಿಂತ. ಮುಖ ಎತ್ತಿದ. ಅವನಿಂದ ಹೊನ್ನವ್ವನಿಗೆ ನಾಲ್ಕು ಮೊಳ ಅಂತರ. ಅವಳು ಉಸಿರು ಹಿಡಿದಿದ್ದಳು, ಕೊರಳಲ್ಲಿದ್ದ ಬೀಜದ ಸರ ಸದ್ದು ಮಾಡದಂತೆ ಮುಷ್ಟಿಯಲ್ಲಿ ಅದುಮಿದ್ದಳು. ಅಪ್ಪ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, "ಹೊಸಬರು" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮುಂದೆ ನಡೆದ.

"ಹ್ವಾದ" ಎಂದಳು ಹೊನ್ನವ್ವ.

ನಾನು ಅವನ ಹಿಂದೆ ಓಡಲು ಹೊರಟೆ. ಅವಳು ನನ್ನ ರಟ್ಟೆ ಹಿಡಿದಳು. "ಬ್ಯಾಡ. ಕಾಲ ಸಪ್ಪಳ ಕೇಳಿ ನಿನ್ನ ಬೆನ್ನು ಹತ್ತತಾನ. ತಾನ ಹೋಗ್ಲಿ. ನೀ ಕುಂಡ್ರು, ಉಣ್ಣು. ಐದು ರೊಟ್ಟಿ ಬಡದು ಇಟ್ಟೀನಿ. ಅವನಿಗಂತ ಬಡಿದೆ ಅಂತಲ್ಲ, ಕೈಗೆ ರೂಢಿ ಆಗೈತಿ." ನಾನು ಕೂತೆ. ಹೊಳೆಯುವ ನೆಲದ ಮೇಲೆ, ಆ ಸುಳ್ಳು ಲಿಂಬೆಯ ವಾಸನೆಯ ನಡುವೆ, ಶೇಂಗಾ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದೆ. ಅವಳು ಒಂದು ತಿಂದಳು. ಉಳಿದ ಎರಡನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಳು.

ಈಗ ನಾನಿರುವ ಊರಿನಲ್ಲಿ ಮನೆಗಳು ಜಾಗ ಬಿಟ್ಟು ಕದಲುವುದಿಲ್ಲ, ಬಾಗಿಲಿಗೆ ನಂಬರು ಇದೆ. ನೆಲಕ್ಕೆ ನಾನೂ ಒಮ್ಮೊಮ್ಮೆ ಬಾಟಲಿಯದನ್ನೇ ಹಾಕುತ್ತೇನೆ, ಕೆಲಸವಿದ್ದಾಗ. ಆದರೂ ಕಂಚಿಕಾಯಿಯ ಕಾಲ ಬಂದರೆ ಒಂದು ಗಡಿಗೆ ಇಡದಿದ್ದರೆ ಕೈ ಕೇಳುವುದಿಲ್ಲ. ನನ್ನ ಮೂಗು ಅಷ್ಟು ಚುರುಕಾಗಿ ಕೆಲಸ ಮಾಡಿದ್ದು ಅದೊಂದೇ ಸಂಜೆ. ಹೊನ್ನವ್ವನ ಮನೆಯಿಂದ ಹೊರಬಿದ್ದು, ಕೊಡೆ, ಚಕ್ರ, ಪರಾತ ಯಾವುದನ್ನೂ ನೋಡದೆ, ಬಿರಡೆ ತೆಗೆದಾಗ ದಿನಾ ನನ್ನ ಮುಖಕ್ಕೆ ಬಡಿಯುತ್ತಿದ್ದ ಆ ಹುಳಿಯನ್ನು ಹಿಡಿದು ನಡೆದೆ. ಹಳೆಯದರ ಹಾಗಿರಲಿಲ್ಲ. ಹಸಿಯಾಗಿತ್ತು, ತೀಕ್ಷ್ಣವಾಗಿತ್ತು, ಹಣ್ಣು ಇನ್ನೂ ಹಣ್ಣಾಗಿಯೇ ಉಳಿದಿತ್ತು. ಇದನ್ನು ಅವನ ಮೂಗು ಹೇಗೆ ಒಪ್ಪುತ್ತದೆ ಎಂದು ಹೆಜ್ಜೆ ಹೆಜ್ಜೆಗೂ ಅನ್ನಿಸಿತು.

ಬಾಗಿಲು ತೆರೆದಿತ್ತು. ಅಪ್ಪ ಒಳಗೆ ಚಾಪೆಯ ಮೇಲೆ ಕೂತಿದ್ದ, ಬೆನ್ನು ನೆಟ್ಟಗೆ, ಬಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಪರರ ಮನೆಯಲ್ಲಿ ಕೂರುವ ಹಾಗೆ. ಕಾಲು ತೊಳೆದ ನೀರು ಇನ್ನೂ ಆರಿರಲಿಲ್ಲ. ಅವ್ವ ಅವನ ಮುಂದೆ ತಾಟು ಇಟ್ಟು ದೂರ ಸರಿದು ಗೋಡೆಗೆ ಅಂಟಿ ನಿಂತಿದ್ದಳು. ಕೆಮ್ಮಿರಲಿಲ್ಲ, ಬಳೆ ಸದ್ದು ಮಾಡಿರಲಿಲ್ಲ. ದನಿ ಕೇಳಿ ಗುರುತಿಸಿದರೆ ಅದು ಬಾಯಿಂದ ಹೇಳಿದ ಹಾಗೆಯೇ ಎಂದು ಅವಳ ಲೆಕ್ಕ. ನಾನು ಹೊಸ್ತಿಲ ಹೊರಗೇ ನಿಂತೆ.

ಅಪ್ಪ ಒಂದು ತುತ್ತು ತಿಂದ. ಮತ್ತೊಂದು ಮುರಿದವನು ನಿಲ್ಲಿಸಿದ. ಬಲಗೈಯನ್ನು ನೆಲಕ್ಕೆ ಒತ್ತಿ, ಅಂಗೈಯನ್ನು ಮೂಗಿನ ಹತ್ತಿರ ತಂದ. ಇನ್ನೊಮ್ಮೆ ಒತ್ತಿದ, ಇನ್ನೊಮ್ಮೆ ಮೂಸಿದ. ಆಮೇಲೆ ಬಡಿಗೆಯನ್ನು ಮಡಿಲಿನಿಂದ ತೆಗೆದು ಗೋಡೆಗೆ ಒರಗಿಸಿಟ್ಟು, ಕಾಲು ನೀಡಿದ.

"ಅವಸರ ಮಾಡೀದಿ" ಎಂದ. "ನೀರು ಇನ್ನೂ ಹಸೀ ಐತಿ."

ಅವ್ವ ಗೋಡೆಯಿಂದ ಬೆನ್ನು ತೆಗೆದಳು.

"ಹೌದು, ನೀ ಒಬ್ಬ ಸಾವಕಾಶ ಬಂದಿ" ಎಂದಳು. "ಉಣ್ಣು ಮೊದಲ."